ಎರಡು ಕಿಲೋ ಮುಳ್ಳುಬದನೆ

ನಾನು ಬನಹಟ್ಟಿಯಲ್ಲಿ ಮಗ್ಗ ನಡೆಸುವವನು. ಕಣ್ಣು ಮುಚ್ಚಿ ನೂಲು ಮುಟ್ಟಿದರೆ ಅದರ ಕೌಂಟ್, ಅಂದರೆ ಎಳೆ ಎಷ್ಟು ಸಣ್ಣದೆಂದು, ಹೇಳಬಲ್ಲೆ. ಅಂಥವನಿಗೆ ಇಪ್ಪತ್ತು ವರ್ಷ ಜೊತೆಗಿರುವ ಹೆಂಡತಿಯ ಬಾಯಿರುಚಿ ಗೊತ್ತಿರುವುದಿಲ್ಲವೇ? ಹೀಗೆಂದು ಪಕ್ಕದ ಮನೆಯ ಗಂಗಕ್ಕನ ಎದುರು ಎದೆಯುಬ್ಬಿಸಿ ಹೇಳಿದ್ದೇ ತಪ್ಪಾಯಿತು.

ಅಂದು ನಮ್ಮ ಮದುವೆಯಾಗಿ ಇಪ್ಪತ್ತು ವರ್ಷ ತುಂಬಿದ ದಿನ. ಅಡುಗೆ ನನ್ನದು, ಹೆಂಡತಿ ಕಸ್ತೂರಿ ಒಲೆಯ ಹತ್ತಿರ ಸುಳಿಯಕೂಡದು ಎಂದು ಘೋಷಿಸಿದೆ. ಸಾಕ್ಷಿಗೆ ಗಂಗಕ್ಕನನ್ನೂ ಊಟಕ್ಕೆ ಕರೆದೆ. ಅವಳಿಗೆ ತುಂಬುಗಾಯಿ ಎಂದರೆ ಪ್ರಾಣ ಎಂಬುದು ನನ್ನ ಲೆಕ್ಕ. ನಮ್ಮೂರ ಬದನೆಕಾಯಿ ಈ ಸಂದರ್ಭದ ಘನತೆಗೆ ಸಾಲದೆಂದು ಬಸ್ಸು ಹತ್ತಿ ಜಮಖಂಡಿಯಿಂದ ಎರಡು ಕಿಲೋ ಮುಳ್ಳುಬದನೆ ತಂದೆ. ರೊಟ್ಟಿ ಬಡಿಯಲು ನನಗೆ ಬಾರದು. ಬರಬೇಕಾಗಿಯೂ ಇರಲಿಲ್ಲ, ಅವಳಿಗೆ ಆರಿದ ಖಡಕ್ ರೊಟ್ಟಿಯೇ ಇಷ್ಟ. ಅದನ್ನೂ ಒಂದು ಕಟ್ಟು ಕೊಂಡೆ.

ಬದನೆಕಾಯಿಗೆ ಶೇಂಗಾ ಪುಡಿ, ಗುರೆಳ್ಳು ಪುಡಿ ತುಂಬಿದೆ. ಉಪ್ಪು ಹಾಕಿದ್ದು ನೆನಪಾಗದೆ ಇನ್ನೊಮ್ಮೆ ಹಾಕಿದೆ. ಕಸ್ತೂರಿಯನ್ನು ಮೊದಲು ಕೂರಿಸಿ ಬಡಿಸಿದೆ. ಇದು ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಉಳಿದ ದಿನ ನಾನು ಉಂಡು ಮಗ್ಗದ ಕಡೆ ಹೋದ ಮೇಲೆಯೇ ಅವಳ ಊಟ.

ಅವಳು ಬದನೆಕಾಯಿಯನ್ನು ತಾಟಿನ ಅಂಚಿಗೆ ಸರಿಸಿದಳು. ಯಾಕೆಂದು ಕೇಳಿದೆ.

"ನನಗ ಬದನಿಕಾಯಿ ಹಿಡಸೂದಿಲ್ರಿ. ಸಣ್ಣಾಕಿದ್ದಾಗಿಂದ ಬಾಯಿ ತುರಸ್ತೈತಿ."

ವಾರಕ್ಕೆರಡು ಸಲ ತಿನ್ನುತ್ತೀಯಲ್ಲ ಎಂದೆ.

"ನಿಮಗ ಸೇರತೈತಂತ ಮಾಡ್ತೀನಿ. ನೀವು ಉಳಿಸಿದ್ದು ಚೆಲ್ಲಾಕ ಆಗತೈತೇನ್ರಿ?"

ಗಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇದ್ದಬದ್ದ ಮರ್ಯಾದೆ ಉಳಿಸಿಕೊಳ್ಳಲು, ಖಡಕ್ ರೊಟ್ಟಿಯಾದರೂ ಇಷ್ಟ ತಾನೇ ಎಂದು ಕೇಳಿದೆ.

"ನನಗ ಬಿಸಿ ರೊಟ್ಟಿ ಅಂದ್ರ ಜೀವ. ನನ್ನ ಸರದಿ ಬರೂದ್ರಾಗ ಅದು ಖಡಕ್ ಆಗಿರ್ತೈತಿ," ಎಂದಳು. ದೂರುವ ದನಿಯಲ್ಲ, ಸುಮ್ಮನೆ ಹೇಳಿದ ಹಾಗೆ.

ನನಗೆ ನಿಜಕ್ಕೂ ನಾಚಿಕೆಯಾಯಿತು. ಎದ್ದು ಹೋಗಿ ಹಿಟ್ಟು ನಾದಿದೆ. ಮೊದಲ ರೊಟ್ಟಿ ಮಣೆ ಬಿಟ್ಟು ಏಳಲಿಲ್ಲ. ಎರಡನೆಯದು ಎತ್ತುವಾಗ ಎರಡಾಯಿತು. ಮೂರನೆಯದು ಹಂಚು ತಲುಪಿತು, ಅರ್ಧ ಮಾತ್ರ! ಆ ಅರ್ಧಕ್ಕೆ ಬೆಣ್ಣೆ ಹಚ್ಚಿಕೊಂಡು ಅವಳು ಕಣ್ಣು ಮುಚ್ಚಿ ತಿಂದಳು. ಇನ್ನೊಂದು ಬಡಿಯಿರಿ ಎಂದಳು. ಹಿಟ್ಟು ಮುಗಿಯುವ ತನಕ ಬಡಿದೆ.

ಕೊನೆಗೆ ನಾನು ಉಣ್ಣಲು ಕೂತಾಗ ಉಳಿದದ್ದು ಖಡಕ್ ರೊಟ್ಟಿ ಮತ್ತು ಉಪ್ಪುಪ್ಪಾದ ಬದನೆಕಾಯಿ. ಚೆಲ್ಲುವಂತಿಲ್ಲ, ಕಸ್ತೂರಿ ನೋಡುತ್ತಿದ್ದಳು. ಮೂರು ದಿನ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ ಮಗ್ಗದ ಶೆಡ್ಡಿನಲ್ಲಿ ಅದನ್ನೇ ಉಂಡೆ.

ನಾಲ್ಕನೆಯ ದಿನ, ಆ ಮೂರೂ ದಿನ ನನ್ನ ಜೊತೆ ಕೂತು ಉಂಡಿದ್ದ ಮಗ್ಗದ ಕೆಲಸಗಾರ ಈರಪ್ಪ ತನ್ನ ಡಬ್ಬಿಯ ಪಲ್ಯವನ್ನೆಲ್ಲ ಪ್ರೀತಿಯಿಂದ ನನ್ನ ತಾಟಿಗೆ ಸುರಿದ.

"ತಗೋರಿ ಮಾಲಕ್ರ. ನಿಮಗ ಬದನಿಕಾಯಿ ಅಂದ್ರ ಎಷ್ಟ ಜೀವ ಅಂತ ಮೂರು ದಿನದಿಂದ ನೋಡಾಕತ್ತೇನಿ."

ಚೆಲ್ಲಲು ಆಗುತ್ತದೆಯೇ? ತಿಂದೆ.