ಸೊಪ್ಪಿನ ಬೆಟ್ಟದ ಸದರಿ ಪ್ರಾಣಿ

ಕಾಡಿನಲ್ಲಿ ಇರುವ ಪ್ರಾಣಿಗಳ ಬಗ್ಗೆ ಅರಣ್ಯ ಕಚೇರಿಗೆ ದೂರು ಬರುವುದು ಕಡಿಮೆ. ಇಲ್ಲದ ಪ್ರಾಣಿಗಳ ಬಗ್ಗೆ ವಾರಕ್ಕೊಂದಾದರೂ ಬರುತ್ತದೆ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಶಿರಸಿಯಲ್ಲಿ ಗುಮಾಸ್ತನಾಗಿದ್ದೆ. ಸರ್ಕಾರ ಬದಲಾಗಿತ್ತು. ದೂರಿನ ಪುಸ್ತಕ ಅದೇ ಇತ್ತು.

೧. ಬಾಲ

ಹುಲೇಕಲ್ ಕಡೆಯಿಂದ ಸೊಪ್ಪು ಕಡಿಯುವ ಆಳೊಬ್ಬ ಬಂದ. ತೋಟದ ಗೊಬ್ಬರಕ್ಕೆ ಸೊಪ್ಪು ಬೇಕಲ್ಲ, ಅದಕ್ಕೆಂದು ಸರ್ಕಾರದವರು ಒಂದೊಂದು ತೋಟಕ್ಕೆ ಒಂದೊಂದು ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿರುತ್ತಾರೆ. ಇವನ ಯಜಮಾನರ ಬೆಟ್ಟದಲ್ಲಿ ಏನೋ ಎದುರಾಯಿತಂತೆ. ಅದರ ಹೆಸರೇನೆಂದು ಕೇಳಿದೆ; ಹೇಳಿದರೆ ಅದು ಬರುತ್ತದೆ ಎಂದ. ನಾನು ‘ಸದರಿ ಪ್ರಾಣಿ’ ಎಂದು ಬರೆದುಕೊಂಡೆ. ಹೆದರಿ ಕಣ್ಣು ಮುಚ್ಚಿಕೊಂಡಿದ್ದನಂತೆ. ಬಾಲ ಮಾತ್ರ ಎರಡು ಮೊಳವಂತೆ.

“ಕಣ್ಣು ಮುಚ್ಚಿದ್ದವನಿಗೆ ಬಾಲ ಹೇಗೆ ಕಂಡಿತು?”

“ಬಾಲ ಕಾಣೂದು ಅದು ತಿರುಗಿ ಹೋಗುವಾಗ ಅಲ್ವಾ ಒಡೆಯಾ? ಆಗ ಕಣ್ಣು ಬಿಟ್ಟಿದ್ದೆ.”

೨. ಎರಡು ಕಾಗದ

ಮರುವಾರ ಯಜಮಾನರೇ ಬಂದರು. ಪಕ್ಕದ ತೋಟದವರು ವರ್ಷಾ ವರ್ಷಾ ಇವರ ಬೆಟ್ಟದ ಸೊಪ್ಪು ಕದಿಯುತ್ತಿದ್ದರಂತೆ. ಪ್ರಾಣಿ ಬಂದ ಮೇಲೆ ಒಂದೆಲೆಯೂ ಹೋಗಿಲ್ಲ. ಆದರೆ ಇವರ ಆಳುಗಳೂ ಬೆಟ್ಟ ಹತ್ತುತ್ತಿಲ್ಲ. ಸೊಪ್ಪು ಇಳಿಯದಿದ್ದರೆ ಈ ವರ್ಷ ತೋಟಕ್ಕೆ ಗೊಬ್ಬರವಿಲ್ಲ.

“ಪ್ರಾಣಿ ಇಲ್ಲ ಅಂತ ನಮ್ಮ ಆಳುಗಳಿಗೆ ಒಂದು ಕಾಗದ ಕೊಡಿ. ಇದೆ ಅಂತ ಪಕ್ಕದವನಿಗೆ ಇನ್ನೊಂದು.”

ರೇಂಜರ್ ಸಾಹೇಬರು ತಲೆ ಎತ್ತದೆ, ಎರಡಕ್ಕೂ ಮೇಲಿನಿಂದ ಮಂಜೂರಾತಿ ಬರಬೇಕು, ಅಲ್ಲಿಯವರೆಗೆ ಪ್ರಾಣಿ ಇದ್ದ ಹಾಗೇ ಇರಲಿ ಎಂದರು.

೩. ಹೆಸರು

ಹದಿನೈದು ದಿನ ಬಿಟ್ಟು ಯಜಮಾನರು ಕಾಗದ ವಿಚಾರಿಸಲು ಬಂದು ಬೆಂಚಿನ ಮೂಲೆಯಲ್ಲಿ ಕೂತಿದ್ದರು. ಅವರಿಗೆ ಶೀತವಾಗಿತ್ತು. ಅಷ್ಟರಲ್ಲಿ ಪಕ್ಕದ ತೋಟದವರು ಏದುಸಿರು ಬಿಡುತ್ತ ಒಳಗೆ ಬಂದವರೇ, ಬೆಂಚಿನ ಕಡೆ ನೋಡದೆ, ಸದರಿ ಪ್ರಾಣಿಯನ್ನು ಕಣ್ಣಾರೆ ಕಂಡೆ ಎಂದು ಬರೆಸತೊಡಗಿದರು. ಎರಡು ಕಾಲು. ತಲೆ ಇಲ್ಲ. ಸೊಂಟದಿಂದ ಮೇಲೆ ಬರೀ ಎಲೆ. ಇಳಿಜಾರಿನಲ್ಲಿ ಕೆಮ್ಮುತ್ತಾ ಬರುತ್ತಿತ್ತು.

ಸೊಪ್ಪಿನ ಹೊರೆ ಹೊತ್ತವನು ಹಾಗೇ ಕಾಣುವುದು. ಆದರೆ ಆ ಬೆಟ್ಟಕ್ಕೆ ಆಳುಗಳು ಹೋಗುತ್ತಿಲ್ಲವೆಂದು ಊರಿಗೇ ಗೊತ್ತು. ಯಜಮಾನರೇ ಹೊರೆ ಹೊತ್ತಾರೆಂದು ಯಾರೂ ಎಣಿಸಿರಲಿಲ್ಲ.

ಬೆಂಚಿನ ಮೂಲೆಯಲ್ಲಿ ಕೆಮ್ಮು ಕೇಳಿಸಿತು. ಬರೆಸುತ್ತಿದ್ದವರು ನಿಧಾನವಾಗಿ ತಿರುಗಿದರು.

“ಭಾವಾ, ಯನ್ನ ಬೆಟ್ಟದಲ್ಲಿ ನಿಂಗೆಂತ ಕೆಲಸ ಇತ್ತು?” ಎಂದರು ಯಜಮಾನರು.

ಪ್ರಾಣಿ ಇಲ್ಲವೆಂದರೆ ಒಬ್ಬರ ಬೆಟ್ಟಕ್ಕೆ ಕಾವಲಿಲ್ಲ; ಇದೆಯೆಂದರೆ, ಕಂಡವರು ಅಲ್ಲಿಗೇಕೆ ಹೋಗಿದ್ದರೆಂದು ಬರೆಯಬೇಕು. ನನಗೆ ಅಂಕಣ ತುಂಬಿದರೆ ಸಾಕಿತ್ತು. ಪ್ರಾಣಿಯ ಹೆಸರೇನೆಂದು ಬರೆಯಲಿ ಎಂದು ಕೇಳಿದೆ.

“ಹೆಸರು ಬೇಡ ಸಾಹೇಬ್ರೆ,” ಎಂದರು ಪಕ್ಕದ ತೋಟದವರು. “ಹೇಳಿದರೆ ಅದು ಬರ್ತದೆ.”

ಬೆಂಚಿನ ಮೇಲಿದ್ದ ಸದರಿ ಪ್ರಾಣಿ ಹೌದೆಂದು ತಲೆಯಾಡಿಸಿತು.