ಬಹುಮತದ ಆಕ್ಸಲ್

ಮಕ್ಬೂಲ್ ಮೇಸ್ತ್ರಿಗೆ ನಾನು ಮೂರು ದಿನದ ಕೂಲಿ, ಒಂಬತ್ತು ರೂಪಾಯಿ, ಕೊಡಬೇಕಂತೆ. ಕೊಡುವುದಿಲ್ಲ. ಕಾರಣ ಕೇಳಿ, ಆಮೇಲೆ ಬೈಯಿರಿ.

ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಹಿಡಿದ ನನ್ನ ಪಿಕಪ್ಪು, ಶಿರಾದ ಕಡಲೆಕಾಯಿ ಹೊತ್ತೂ ಹೊತ್ತೂ ಹಿಂದಿನ ಆಕ್ಸಲ್ ಮುರಿದುಕೊಂಡು ಮನೆ ಮುಂದೆ ಎಮ್ಮೆಯಂತೆ ಮಲಗಿತ್ತು. ಶುಕ್ರವಾರ ಕಳ್ಳಂಬೆಳ್ಳದಲ್ಲಿ ನಾದಿನಿಯ ಮದುವೆ. ಅಡುಗೆಯ ಪಾತ್ರೆಗಳೆಲ್ಲ ನಮ್ಮ ಗಾಡಿಯಲ್ಲೇ ಬರುತ್ತವೆಂದು ನನ್ನ ಹೆಂಡತಿ ಸರ್ವಮಂಗಳಾ ತವರಿಗೆ ಮಾತು ಕೊಟ್ಟಿದ್ದಳು.

"ಹಂಡೆ ಹೋಗ್ದಿದ್ರೆ ನನ್ ಮಾನ ಹೋಯ್ತದೆ ಕಣ್ರೀ!"

ಪಾವಗಡದ ಗುಜರಿಯಿಂದ ಹಳೇ ಆಕ್ಸಲ್ ತರಿಸಿದೆ. ಅದನ್ನು ಕೂರಿಸಲು ಮಕ್ಬೂಲ್ ಬಂದ. ಆದರೆ ನಾನು ನಲವತ್ತೇಳರಲ್ಲಿ ಜನರ ಸರ್ಕಾರ ಬೇಕೆಂದು ಚಳವಳಿ ಮಾಡಿ ಜೈಲು ಕಂಡವನು (ಹದಿನೇಳು ದಿನ; "ಇನ್ನೊಂದಷ್ಟು ದಿನ ಇಟ್ಕಬೇಕಿತ್ತು" ಎನ್ನುತ್ತಾಳೆ ಸರ್ವಮಂಗಳಾ). ನನ್ನ ಅಂಗಳದಲ್ಲಿ ಒಬ್ಬನ ದರ್ಬಾರು ನಡೆಯಕೂಡದು. ಪ್ರತಿ ನಟ್ಟಿಗೂ ಕೈ ಎತ್ತಿಯೇ ತೀರ್ಮಾನ! ಜೈಲಿನ ಜೊತೆಗಾರರಾದ ರಂಗಯ್ಯ, ಕದಿರಯ್ಯ ಜಗಲಿಯ ಮೇಲೆ ಆಸೀನರಾದರು. ಆಕ್ಸಲ್ ಸಮಿತಿ ಉದಯವಾಯಿತು.

ಮೂರನೇ ದಿನ ಆಕ್ಸಲ್ ಗಾಡಿಯಡಿಗೆ ಹೋಗುವಾಗ ರಂಗಯ್ಯ ತಡೆದ.

"ಆಯಿಲ್ ಬಿಡೋ ನಟ್ಟು ಕೆಳಗ್ಯಾಕ್ಲಾ? ಕಲ್ಲು ಬಡಿಯಾಕಿಲ್ವಾ? ಮಗುಚಿ ಕೂರ್ಸು."

ನನಗೆ ಮೈ ಜುಮ್ಮೆಂದಿತು. "ಹೌದು! ಕೆಳಗಿದ್ದವರು ಎಷ್ಟು ಕಾಲ ಒದೆ ತಿನ್ನಬೇಕು?"

"ಯಾ ಅಲ್ಲಾ! ಆಕ್ಸಲ್ ಮಗುಚಿದ್ರೆ ಚಕ್ರ ಉಲ್ಟಾ ತಿರುಗ್ತಾವೆ ಅಣ್ಣಾ!" ಎಂದ ಮಕ್ಬೂಲ್.

ವಿರೋಧ ಪಕ್ಷ ಎಂದೂ ಹೀಗೇ ಹೆದರಿಸುವುದು. ಕೈ ಎತ್ತಿಸಿದೆ. ನಾವು ಮೂವರು, ಆ ಕಡೆ ಮಕ್ಬೂಲ್ ಮತ್ತು, ನಾಚಿಕೆಗೇಡು, ನನ್ನ ಹೆಂಡತಿ. ಮಕ್ಬೂಲ್ ಗೊಣಗುತ್ತಲೇ ಮಗುಚಿ ಕೂರಿಸಿದ.

ಶುಕ್ರವಾರ ಬೆಳಿಗ್ಗೆ ಹಂಡೆ, ಕೊಳಗ ತುಂಬಿ ಒಂದನೇ ಗೇರು ಹಾಕಿದೆ. ಗಾಡಿ ಹಿಂದಕ್ಕೆ ಹಾರಿ ತಿಪ್ಪೆ ಏರಿತು. ಎರಡನೆಯದು, ಮೂರನೆಯದು, ಎಲ್ಲವೂ ಹಿಂದಕ್ಕೇ. ರಿವರ್ಸ್ ಗೇರು ಮಾತ್ರ ಮುಂದಕ್ಕೆ, ಬಸುರಿ ಹಸುವಿನ ನಡಿಗೆಯಲ್ಲಿ.

"ಮುಹೂರ್ತ ಕಾಯಾಕಿಲ್ಲ! ಕುಂಡೆ ಮುಂದಾಗಿ ತಿರುಗಿಸ್ರೀ!" ಎಂದಳು ಸರ್ವಮಂಗಳಾ.

ಹತ್ತು ಮೈಲಿ ಹಾಗೇ ಓಡಿಸಿದೆ, ಕತ್ತು ತಿರುಚಿಕೊಂಡು. ಚಪ್ಪರಕ್ಕೆ ಮೊದಲು ಹಂಡೆಗಳು ನುಗ್ಗಿದವು, ಆಮೇಲೆ ನಾವು. ಅತ್ತೆ ಕಮಲಾಕ್ಷಮ್ಮ ಆರತಿ ತಟ್ಟೆ ಹಿಡಿದು ಗಾಬರಿಯಿಂದ ಕೇಳಿದರು: "ಅಳಿಯಂದ್ರು ಬರ್ತಾವ್ರೋ, ಮುನಿಸ್ಕಂಡು ವಾಪಸ್ ಹೋಯ್ತಾವ್ರೋ?"

ಅಂದಿನಿಂದ ನನ್ನ ಕತ್ತು ಎಡಕ್ಕೇ ವಾಲಿದೆ (ರಾಜಕೀಯದಲ್ಲಿ ಮೊದಲೇ ವಾಲಿತ್ತು).

ನಿನ್ನೆ ಮಕ್ಬೂಲ್ ಕೂಲಿಗೆ ಬಂದ. ಕೆಟ್ಟ ಕೆಲಸಕ್ಕೆ ಕೂಲಿ ಇಲ್ಲ ಎಂದೆ.

"ನಾನು ಬ್ಯಾಡ ಅಂದೆ. ನೀವ್ ಕೈ ಎತ್ತಿದ್ರಿ, ನಾನ್ ಮಾಡ್ದೆ," ಎಂದು ಬೇವಿನ ಮರದಡಿ ಕುಳಿತ.

ಸರ್ವಮಂಗಳಾ ಒಳಗೆ ಹೋಗಿ, ಟ್ರಂಕಿನಲ್ಲಿದ್ದ ನನ್ನ ಚಳವಳಿಯ ಬಾವುಟ ತಂದು ಬಾಗಿಲಿಗೆ ಸಿಕ್ಕಿಸಿ, ಹೊಸಿಲ ಮೇಲೆ ಕುಳಿತಳು.

"ದುಡಿದವನ ಬೆವರು ಆರೋ ಮುಂಚೆ ಕೂಲಿ ಕೊಡಿ ಅಂತ ಊರೂರ ಮೇಲೆ ಕೂಗ್ದೋರು ನೀವೇ ಅಲ್ವಾ? ಕೊಡೋಗಂಟ ಒಲೆ ಹಚ್ಚಾಕಿಲ್ಲ."

ತುರ್ತು ಸಭೆ ಕರೆದೆ. ರಂಗಯ್ಯ, ಕದಿರಯ್ಯ ಊಟದ ಹೊತ್ತಿಗೇ ಬಂದರು, ತಣ್ಣಗಿದ್ದ ಒಲೆಯನ್ನು ಬಗ್ಗಿ ನೋಡಿದರು, ಅವಳ ಕಡೆ ಕೈ ಎತ್ತಿದರು. ನಾಲ್ಕಕ್ಕೆ ಒಂದು.

ನನಗೀಗ ಬೇಕಿರುವುದು ಇನ್ನು ನಾಲ್ಕೇ ಕೈ. ಓದಿದ್ದೀರಲ್ಲ, ಎತ್ತಿ! ಮನಸ್ಸಾಗದಿದ್ದರೆ ಆ ಕೈಯಲ್ಲೇ ಎರಡು ಮುದ್ದೆ ಹಿಡಿದು ಹಿತ್ತಲ ಬಾಗಿಲಿಗೆ ಬನ್ನಿ. ಸಾರು ಮರೆಯಬೇಡಿ.