ಮೂವತ್ತೆರಡು ಪದಾಧಿಕಾರಿಗಳೂ ನಾನೊಬ್ಬನೂ

ಊರನ್ನು ಒಗ್ಗೂಡಿಸುವುದು ಒಂದು ಕೆಲಸವೇ ಅಲ್ಲ ಎಂದು ನಾನು ತಿಳಿದಿದ್ದೆ. ಹಾಗೆ ತಿಳಿಯಲು ಕಾರಣವೂ ಇತ್ತು. ಮೂವತ್ತೊಂದು ವರ್ಷ ಬ್ರಹ್ಮಾವರದ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿ ಸೀಟಿ ಊದಿದವನು ನಾನು. ಎರಡು ನಿಮಿಷದ ಅಂತರಕ್ಕಾಗಿ ಅಂಗಿ ಹಿಡಿದುಕೊಳ್ಳುತ್ತಿದ್ದ ಡ್ರೈವರುಗಳನ್ನು ಒಂದೇ ಗದರಿಕೆಗೆ ಅವರವರ ಸೀಟಿನಲ್ಲಿ ಕೂರಿಸಿದವನು. "ಸಾಸ್ತಾನ, ಸಾಲಿಗ್ರಾಮ, ಕೋಟ, ಕುಂದಾಪ್ರ" ಎಂದು ನಾನು ಕೂಗಿದರೆ ಹೋಟೆಲಿನೊಳಗೆ ಚಾ ಕುಡಿಯುತ್ತಿದ್ದವರು ಗ್ಲಾಸು ಬಿಟ್ಟು ಓಡಿಬರುತ್ತಿದ್ದರು. ಇಂಥ ನನಗೆ, ಕೊಕ್ಕರ್ಣೆ ಹತ್ತಿರದ ಮೂವತ್ತಮೂರು ಮನೆಯ ಊರು ಯಾವ ಲೆಕ್ಕ!

ನಿಜ ಹೇಳಬೇಕೆಂದರೆ ಊರಿನ ಉದ್ಧಾರ ನನ್ನ ತಲೆಯಲ್ಲಿ ಇರಲೇ ಇಲ್ಲ. ನನಗೆ ಬೇಸರವಾಗಿತ್ತು. ಅಷ್ಟೇ. ನಾನು ಕೆಲಸ ಬಿಟ್ಟ ಮರುವರ್ಷವೇ ಹೆಂಡತಿ ಗಿರಿಜೆ ತೀರಿಕೊಂಡಳು. ಮಕ್ಕಳಿಲ್ಲ. ಬೆಳಿಗ್ಗೆ ಹೇಗೋ ಕಳೆಯುತ್ತದೆ: ಗಂಜಿ, ಪೇಪರು, ಬಟ್ಟೆ ಒಗೆಯುವುದು. ಮಧ್ಯಾಹ್ನ ನಿದ್ದೆ. ಈ ಸಂಜೆ ಐದರಿಂದ ಏಳು ಇದೆಯಲ್ಲ, ಅದು ಮಾತ್ರ ಸರಿಯುವುದೇ ಇಲ್ಲ. ನಿಲ್ದಾಣದಲ್ಲಿ ಅದು ರಶ್ಶಿನ ಹೊತ್ತು. ನೂರು ಜನ ನೂರು ಸಲ "ಹ್ವಾಯ್, ಬಸ್ ಎಷ್ಟೊತ್ತಿಗೆ?" ಎಂದು ಕೇಳಿ ತಲೆ ತಿನ್ನುತ್ತಿದ್ದರು. ನಾನು ಎಲ್ಲರಿಗೂ ಸಮನಾಗಿ ಬೈಯುತ್ತಿದ್ದೆ. ಈಗ ಬೈಯೋಣವೆಂದರೆ ಜನವಿಲ್ಲ. ಒಂದು ಸಂಜೆ ಜಗಲಿಯಲ್ಲಿ ಕೂತು, ಅಡಿಗೆಮನೆ ಕಡೆ ತಿರುಗಿ, "ಐದ್ ಇಪ್ಪತ್ತರ ಬಸ್ ಹೋಯ್ತ್ ಕಾಣ್" ಎಂದು ಹೇಳಿಬಿಟ್ಟೆ. ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ. ಹೀಗೇ ಬಿಟ್ಟರೆ ಕೆಟ್ಟೆ ಎಂದು ಆಗ ಹೆದರಿಕೆಯಾಯಿತು.

ನನ್ನ ಮನೆಯ ಹಿಂದೆಯೇ ಮಂಜಣ್ಣನ ಗದ್ದೆ ಇದೆ. ಬೇಸಾಯ ಬಿಟ್ಟು ನಾಲ್ಕು ವರ್ಷದಿಂದ ಹಡಿಲು ಬಿದ್ದಿದೆ. ಅಲ್ಲಿ ಎರಡು ಕಂಬ ನೆಟ್ಟು, ನೆಟ್ ಕಟ್ಟಿ, ಒಂದು ವಾಲಿಬಾಲ್ ತಂದಿಟ್ಟರೆ ಊರಿನವರು ಸಂಜೆ ಬಾರದೆ ಇರುತ್ತಾರೆಯೇ? ಆಡಿದರೆ ಆಟ, ಆಡದಿದ್ದರೆ ಮಾತು. ನನಗೆ ಬೇಕಿದ್ದದ್ದು ಮಾತೇ. ಆದರೆ "ನಂಗೆ ಒಬ್ಬಂಗೇ ಆತಿಲ್ಲೆ, ಬನ್ನಿ" ಎಂದು ಮೂವತ್ತೊಂದು ವರ್ಷ ಸೀಟಿ ಊದಿದವನು ಹೇಳುವುದು ಹೇಗೆ? ಅದಕ್ಕೇ ಒಂದು ನೋಟ್‌ಬುಕ್ಕಿನಲ್ಲಿ "ಗ್ರಾಮೀಣ ಕ್ರೀಡೆಯ ಮೂಲಕ ಊರಿನ ಸರ್ವತೋಮುಖ ಅಭ್ಯುದಯ" ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೊರಟೆ.

ಬೇಲಿಯ ಆಚೆ ಪಕ್ಕದ ಮನೆಯ ಬಾಬಿಯಕ್ಕ ಬಟ್ಟೆ ಒಣಹಾಕುತ್ತಿದ್ದರು.

"ಎಲ್ಲಿಗ್ ಹೊರ್ಟದ್ದ್ ಏಜೆಂಟ್ರೆ, ಪುಸ್ತಕ ಹಿಡ್ಕಂಡ್?"

"ಸಂಘ ಕಟ್ಟುಕೆ."

"ಮೊದ್ಲ್ ನಿಮ್ ಬಚ್ಚಲ್ ಮಾಡಿನ್ ಹೆಂಚ್ ಸಮ ಮಾಡ್ಕಣಿ ಮಾರಾಯ್ರೆ. ಬೀಳ್ತಾ ಇತ್ತ್."

ಸಮಾಜಸೇವೆಗೆ ಹೊರಟವನಿಗೆ ಇಂಥ ಅಡ್ಡಿ ಸಹಜ. ನಾನು ಮಂಜಣ್ಣನ ಮನೆಗೆ ನಡೆದೆ.

ಮಂಜಣ್ಣ ಟಿಲ್ಲರ್ ಬಾಡಿಗೆಗೆ ಕೊಡುವ ಆಸಾಮಿ. ಬರಿಮೈಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ನನ್ನ ಅಭ್ಯುದಯವನ್ನೆಲ್ಲ ಕೇಳಿ, "ಗದ್ದಿ ತಕಣಿ, ಅಡ್ಡಿಲ್ಲೆ. ಅಧ್ಯಕ್ಷ ಯಾರ್?" ಎಂದ.

ಅದನ್ನು ನಾನು ಯೋಚಿಸಿರಲಿಲ್ಲ. ಗದ್ದೆ ಅವನದ್ದು. "ನೀವೇ!" ಎಂದೆ.

ಮಂಜಣ್ಣ ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ!

ಮುಂದಿನ ಮನೆ ದೇವಣ್ಣನದ್ದು. ಅವನು ಮಂಜಣ್ಣನ ದಾಯಾದಿ. ಗಡಿಯ ಮೇಲಿನ ಒಂದು ತೆಂಗಿನ ಮರಕ್ಕಾಗಿ ಇಬ್ಬರಿಗೂ ಏಳು ವರ್ಷದಿಂದ ಮಾತಿಲ್ಲ.

"ಅವ ಅಧ್ಯಕ್ಷನಾ?" ದೇವಣ್ಣನ ಮುಖ ಸಿಂಡರಿಸಿತು. "ಹಾಂಗಾರೆ ನಾನೆಂತ, ಚಾಪಿ ಹಾಸುದಾ?"

"ಛೆ ಛೆ! ನೀವು ಗೌರವಾಧ್ಯಕ್ಷರು!"

"ಯಾವ್ದ್ ದೊಡ್ಡದ್?"

"ಆಮಂತ್ರಣ ಕಾರ್ಡ್‌ನಲ್ಲಿ ಗೌರವಾಧ್ಯಕ್ಷರ ಹೆಸ್ರೇ ಮೇಲೆ ಬಪ್ಪುದ್," ಎಂದೆ. ದೇವಣ್ಣ ಚಾ ತರಿಸಿದ.

ನನಗಿಂತ ಸುದ್ದಿ ಮುಂದೆ ನಡೆಯಿತು. ಏಳನೇ ಮನೆ ಮುಟ್ಟುವಾಗ "ಯಾವ ಆಟ?" ಎಂದು ಕೇಳುವವರೇ ಇರಲಿಲ್ಲ. "ನಮ್ಗೆ ಯಾವ್ದ್?" ಎನ್ನುವುದೊಂದೇ ಪ್ರಶ್ನೆ. ನಮ್ಮ ಕಡೆಯ ಆಮಂತ್ರಣ ಪತ್ರಿಕೆ ನೋಡಿದವರಿಗೆ ಗೊತ್ತು, ಕಾರ್ಯಕ್ರಮ ಎರಡು ಸಾಲು, ಹೆಸರು ಎರಡು ಪುಟ. ಒಂದು ಹೆಸರು ಬಿಟ್ಟುಹೋದರೆ ಮೂರು ತಲೆಮಾರಿನ ಮುನಿಸು. ಉಪಾಧ್ಯಕ್ಷರು ಒಂಬತ್ತು ಮಂದಿಯಾದರು. ಸೈಬರ್ ಅಂಗಡಿಯ ಶೇಖರ ಕಾರ್ಯದರ್ಶಿ. ಅವನ ಕೆಳಗೆ ಐದು ಜನ ಜೊತೆ ಕಾರ್ಯದರ್ಶಿಗಳು. ಸಂಘಟನಾ ಕಾರ್ಯದರ್ಶಿ, ಕ್ರೀಡಾ ಕಾರ್ಯದರ್ಶಿ, ಸಲಹೆಗಾರರು, ಪ್ರಧಾನ ಸಲಹೆಗಾರರು. ಕೊನೆಕೊನೆಗೆ ಹುದ್ದೆಗಳೇ ಮುಗಿದು, ನೆಟ್ ಉಸ್ತುವಾರಿ, ಕಂಬ ಉಸ್ತುವಾರಿ, ಚೆಂಡಿಗೆ ಗಾಳಿ ಹಾಕುವ ಪಂಪಿನ ಸಂಚಾಲಕರು ಎಂದು ಹೊಸದಾಗಿ ಸೃಷ್ಟಿಸಬೇಕಾಯಿತು. ವಾಪಸು ಬರುವಾಗ ಬಾಬಿಯಕ್ಕ ಬೇಲಿಯ ಹತ್ತಿರವೇ ಕಾಯುತ್ತಿದ್ದರು.

"ಗಂಡಸ್ರಿಗ್ ಮಾತ್ರವಾ? ನಮ್ಗೆಂತ ಕೈಕಾಲ್ ಇಲ್ಯಾ?"

ಬಾಬಿಯಕ್ಕ ಮಹಿಳಾ ಘಟಕದ ಅಧ್ಯಕ್ಷೆಯಾದರು. ಬಚ್ಚಲ ಮಾಡಿನ ವಿಷಯ ಮತ್ತೆ ಎತ್ತಲಿಲ್ಲ.

ಬ್ರಹ್ಮಾವರದ ಪ್ರೆಸ್ಸಿಗೆ ಹೋಗಿ ಕಾರ್ಡು ಮಾಡಿಸಿದೆ. ಪ್ರೆಸ್ಸಿನವನು ಅನುಭವಸ್ಥ. "ಯಾರ್ದಾರೂ ಹೆಸ್ರ್ ಬಿಟ್ ಹೋಯ್ತಾ ಕಾಣಿ, ಮತ್ತೆ ನಂಗ್ ಬೈಬೇಡಿ," ಎಂದ. ನಾನು ನನ್ನ ಅಂಗಳದಿಂದ ಹೊರಟು, ಮನಸ್ಸಿನಲ್ಲೇ ಒಂದೊಂದು ಮನೆಯ ಮೆಟ್ಟಿಲು ಹತ್ತಿ ಇಳಿದು, ಮೂರು ಸಲ ಎಣಿಸಿದೆ. ಮೂವತ್ತೆರಡು. ಒಂದೂ ತಪ್ಪಿಲ್ಲ! ನನ್ನ ಬುದ್ಧಿಗೆ ನಾನೇ ಮೆಚ್ಚಿ ಒಂದು ಗೋಳಿಬಜೆ ಪ್ಲೇಟು ಹೆಚ್ಚಿಗೆ ತಿಂದೆ.

ಉದ್ಘಾಟನೆಯ ಭಾನುವಾರ ಬಂತು. ಬಾಡಿಗೆಗೆ ನೂರು ಕುರ್ಚಿ ತಂದಿದ್ದೆವು. ಸಭಿಕರಿಗೆ ಎಂಬತ್ತು, ವೇದಿಕೆಗೆ ಇಪ್ಪತ್ತು. ಶೇಖರ ಮೈಕು ಹಿಡಿದು ಒಬ್ಬೊಬ್ಬರನ್ನಾಗಿ "ವೇದಿಕೆಗೆ ಬಂದು ಆಸೀನರಾಗಬೇಕು" ಎಂದು ಕರೆದ. ಕರೆದವರು ಬಂದರು. ಬರುವಾಗ ತಮ್ಮ ಕುರ್ಚಿಯನ್ನೂ ಎತ್ತಿಕೊಂಡು ಬಂದರು. ಅಷ್ಟರಲ್ಲಿ ಬಾಬಿಯಕ್ಕ ಒಂದು ಕ್ರಿಯಾಲೋಪ ಎತ್ತಿದರು. ಹುದ್ದೆ ಕೊಟ್ಟದ್ದು ಮನೆಗೆ, ಹಾಗಾಗಿ ಮನೆಯವರೆಲ್ಲ ಮೇಲೆ ಕೂರಬೇಕು! ಎಲ್ಲರಿಗೂ ಅದು ನ್ಯಾಯವೆನಿಸಿತು. ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಸೊಸೆಯ ಕಡೆಯಿಂದ ಬಂದ ನೆಂಟರು ಎಲ್ಲರೂ ಎದ್ದು ಹೋದರು. ಹಲಗೆಯ ವೇದಿಕೆ ತುಂಬಿ, ಅದರ ಎರಡೂ ಬದಿಯ ನೆಲವನ್ನೂ ವೇದಿಕೆ ಎಂದು ಘೋಷಿಸಲಾಯಿತು.

ಮೂವತ್ತೆರಡು ಹೆಸರು ಮುಗಿಯಿತು. ಮುಂದಿನದು ನನ್ನದೇ ಎಂದು ನಾನು ಎದ್ದು ಅಂಗಿ ಜಗ್ಗಿ ಸರಿಮಾಡಿಕೊಂಡೆ. ಶೇಖರ ಮೈಕು ಕೆಳಗಿಟ್ಟ. ನಾನು ಕಿಸೆಯಿಂದ ಕಾರ್ಡು ತೆಗೆದು ನೋಡಿದೆ. ಮೇಲಿಂದ ಕೆಳಗೆ ನೋಡಿದೆ, ಹಿಂದೆ ತಿರುಗಿಸಿ ನೋಡಿದೆ. ಇಲ್ಲ. ಊರಿಗೆಲ್ಲ ಹುದ್ದೆ ಹಂಚಿದ ಮಹಾನುಭಾವ ತನ್ನನ್ನೇ ಬಿಟ್ಟುಬಿಟ್ಟಿದ್ದ! ಆಚೆ ಬದಿ ಇಡೀ ಊರು. ಈಚೆ ಬದಿ ಹತ್ತೋ ಹನ್ನೆರಡೋ ಖಾಲಿ ಕೆಂಪು ಕುರ್ಚಿಗಳು. ಅವುಗಳ ನಡುವೆ ನಾನೊಬ್ಬ ಮತ್ತೆ ಕೂತೆ.

"ಸೇರಿದ ಸಮಸ್ತ ಸಭಿಕ ಬಾಂಧವರೇ," ಎಂದು ಮಂಜಣ್ಣ ನನ್ನನ್ನೇ ನೋಡಿ ಭಾಷಣ ಶುರುಮಾಡಿದ. ಎಲ್ಲರೂ "ಎರಡೇ ಮಾತು" ಎಂದೇ ನಿಂತವರು. ಒಬ್ಬೊಬ್ಬರ ಎರಡು ಮಾತಿಗೆ ಕಾಲು ಗಂಟೆ ಹಿಡಿಯಿತು. ಎಲ್ಲರ ಭಾಷಣಕ್ಕೂ ಚಪ್ಪಾಳೆ ತಟ್ಟಬೇಕಾದವನು ನಾನೊಬ್ಬನೇ ಆದ್ದರಿಂದ ಆಕಳಿಸುವ ಹಾಗೂ ಇರಲಿಲ್ಲ. ನನ್ನ ಅಂಗೈ ಕೆಂಪಾಯಿತು.

ಆಮೇಲೆ ಉದ್ಘಾಟನಾ ಪಂದ್ಯ. ಅಧ್ಯಕ್ಷ, ಗೌರವಾಧ್ಯಕ್ಷ, ಒಂಬತ್ತು ಉಪಾಧ್ಯಕ್ಷರು ಬಿಳಿ ಪಂಚೆ ಎತ್ತಿ ಕಟ್ಟಿ ಒಂದು ಬದಿಗೆ ನಿಂತರು. ಯಾರೂ ಎದುರು ಪಕ್ಷಕ್ಕೆ ಹೋಗಲು ಒಪ್ಪಲಿಲ್ಲ. ಅಧ್ಯಕ್ಷರ ಎದುರು ನಿಲ್ಲುವುದು ಸಂಘವಿರೋಧಿ ಚಟುವಟಿಕೆಯಂತೆ! ಕೊನೆಗೆ ಶೇಖರ ಮೈಕಿನಲ್ಲಿ, "ಹುದ್ದಿ ಇಲ್ದಿದ್ದೋರ್ ಯಾರಾರೂ ಇದ್ರೆ ಆಚಿ ಬದಿಗ್ ನಿಲ್ಕ್" ಎಂದು ವಿನಂತಿಸಿದ.

ಹೋಗಿ ನಿಂತೆ. ಹನ್ನೊಂದು ಜನರ ಎದುರು ಒಬ್ಬ. ಮಂಜಣ್ಣ ಟಿಲ್ಲರ್ ಹಿಡಿದ ಕೈಯಲ್ಲಿ ಬೀಸಿ ಹೊಡೆದ. ಚೆಂಡು ನೆಟ್ ದಾಟಿದ್ದು ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಕನ್ನಡಕ ಒಂದು ಕಡೆ, ನಾನು ಗದ್ದೆಯ ಬದಿಯ ತೋಡಿನ ನೀರಿನಲ್ಲಿ. ಇಡೀ ವೇದಿಕೆ ಎದ್ದು ಚಪ್ಪಾಳೆ ತಟ್ಟಿತು. ಸಂಘ ಯಶಸ್ವಿಯಾಗಿ ಉದ್ಘಾಟನೆಗೊಂಡಿತು! ವಂದನಾರ್ಪಣೆಯಲ್ಲಿ ಕುರ್ಚಿ ಬಾಡಿಗೆಯವನಿಗೂ ಕೃತಜ್ಞತೆ ಸಂದಿತು.

ಮಾರನೇ ದಿನ ಸಂಜೆ ಐದಕ್ಕೆ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ಗದ್ದೆಗೆ ಹೋದೆ. ಆಶ್ಚರ್ಯ! ಊರೇ ಬಂದಿತ್ತು. ಹುದ್ದೆ ಇದ್ದವರು ಗೈರುಹಾಜರಾಗುವುದು ಹೇಗೆ? ಎರಡು ತಂಡ ಕಟ್ಟಿ ಆಡುತ್ತಿದ್ದರು. ನನ್ನನ್ನು ಕಂಡದ್ದೇ ಶೇಖರ ಓಡಿಬಂದ.

"ನೀವೆಂತಕ್ಕ್ ಬಂದದ್ದ್ ಏಜೆಂಟ್ರೆ? ಸಂಘ ಕಟ್ಟಿದೋರ್ ನೀವ್. ನಿಮ್ಮನ್ ಬಾಲ್ ಹಿಂದೆ ಓಡ್ಸುದಾ? ನಿನ್ನೆ ಮುಖಕ್ ತಾಗಿದ್ ಕಂಡ್ ನಮ್ಗೆಲ್ಲ ಬೇಜಾರ್ ಆಯ್ತ್. ನಿಮ್ಗೆ ಪುರ್ಸೊತ್ತಾರೂ ಇತ್ತಾ?"

ಕೇಳಿದ್ದೇನೋ ಗೌರವದಿಂದಲೇ. "ಇತ್ತ್ ಮಾರಾಯ, ಪುರ್ಸೊತ್ತೊಂದೇ ಇಪ್ಪುದ್" ಎಂದರೆ ಮುಗಿಯಿತಲ್ಲ! ನನ್ನ ಈ ದರಿದ್ರ ನಾಲಿಗೆ ಏನೆಂದಿತು ಗೊತ್ತೇ?

"ನಂಗೆಲ್ಲಿ ಪುರ್ಸೊತ್ತ್! ಐದರಿಂದ ಏಳ್ ನಂಗೆ ಬಿಡುವೇ ಇಲ್ಲೆ. ಸುಮ್ನೆ ಹೀಂಗೇ ಕಾಂಬ ಅಂದೇಳಿ ಬಂದೆ."

ಮನೆಗೆ ಬಂದು ಶೂ ಬಿಚ್ಚಿ ಜಗಲಿಯಲ್ಲಿ ಕೂತೆ. ಐದು ಇಪ್ಪತ್ತರದ್ದು ಹೋಯಿತು.

ಸಂಘ ಬೆಳೆಯಿತು. ಬಾಬಿಯಕ್ಕ ಬೇಲಿಯ ಮೇಲಿಂದ ವರದಿ ಕೊಡುತ್ತಿದ್ದರು. ಮಂಜಣ್ಣ ದೇವಣ್ಣ ಒಂದೇ ತಂಡದಲ್ಲಿ ಬಿದ್ದು, "ಎತ್ತ್ ಮಾರಾಯ!" "ಹೊಡಿ ಮಾರಾಯ!" ಎಂದು ಏಳು ವರ್ಷದ ಮೇಲೆ ಮಾತಾಡಿದರಂತೆ. ಹೆಂಗಸರದ್ದು ಥ್ರೋಬಾಲ್ ಶುರುವಾಯಿತಂತೆ. "ಊರ್ ಒಂದಾಯ್ತ್ ಏಜೆಂಟ್ರೆ, ನಿಮ್ ಪುಣ್ಯ" ಎಂದರು ಬಾಬಿಯಕ್ಕ. ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಸುಳ್ಳು ಹೇಳಬಾರದು. ಆದರೆ ಗೋಡೆಯ ಆಚೆ ಇಡೀ ಊರು ನಗುವಾಗ ಈಚೆ ಕೂತವನಿಗೆ ಮೊದಲಿಗಿಂತ ಹೆಚ್ಚು ಒಂಟಿ ಅನಿಸುತ್ತದೆ. ಮೊದಲಾದರೆ ಎಲ್ಲರೂ ಅವರವರ ಮನೆಯಲ್ಲಿದ್ದರು.

ಹೀಗಿರುವಾಗ ಒಂದು ಸಂಜೆ ಚೆಂಡು ಹಾರಿ ಬಂದು ನನ್ನ ಬಚ್ಚಲ ಮಾಡಿನ ಮೇಲೆ ಬಿತ್ತು. ಎರಡು ಹೆಂಚು ಒಡೆಯಿತು. "ಹ್ವಾಯ್ ಏಜೆಂಟ್ರೆ, ಬಾಲ್!" ಎಂದು ಆಚೆಯಿಂದ ಹತ್ತು ಗಂಟಲು ಒಟ್ಟಿಗೆ ಕೂಗಿತು. ಅಬ್ಬ! ಎಷ್ಟು ದಿನವಾಗಿತ್ತು ಯಾರಾದರೂ ನನ್ನನ್ನು ಹಾಗೆ ಕೂಗಿ! ನಾನು ಎದ್ದುಬಿದ್ದು ಓಡಿ ಚೆಂಡು ಹೆಕ್ಕಿ, ನಿಲ್ದಾಣದ ಗಂಟಲು ತೆಗೆದು, "ಕಣ್ ಕಾಂತಿಲ್ಯಾ ನಿಮ್ಗೆ? ಮನಿ ಇಪ್ಪುದ್ ಕಾಂತಿಲ್ಯಾ?" ಎಂದು ಮನಸಾರೆ ಬೈದು ಎಸೆದೆ. ಆ ರಾತ್ರಿ ಎರಡು ತುತ್ತು ಅನ್ನ ಹೆಚ್ಚಿಗೆ ಸೇರಿತು.

ಆಮೇಲೆ ದಿನವೂ ಬರತೊಡಗಿತು. ಒಂದು ದಿನ ಎರಡು ಸಲ, ಒಂದು ದಿನ ಆರು ಸಲ! ನಾನು ನಾಲ್ಕು ಮುಕ್ಕಾಲಿಗೇ ಸ್ನಾನ ಮಾಡಿ, ಒಗೆದ ಅಂಗಿ ಹಾಕಿ, ಹಿತ್ತಿಲ ಕಡೆ ಸ್ಟೂಲ್ ಇಟ್ಟುಕೊಂಡು ಕಾಯುತ್ತಿದ್ದೆ. ಚೆಂಡು ಬಂದಾಗಲೆಲ್ಲ ಹೊಸಹೊಸ ಬೈಗುಳ. ನನ್ನ ಲೆಕ್ಕದಲ್ಲಿ ನಾನೂ ಆಡುತ್ತಿದ್ದೆ.

ಮೊನ್ನೆ ಐದು ಗಂಟೆಗೆ ಬಾಗಿಲಿಗೆ ಜನ. ನೋಡಿದರೆ ಅಧ್ಯಕ್ಷ, ಗೌರವಾಧ್ಯಕ್ಷ, ಕಾರ್ಯದರ್ಶಿ, ಹಿಂದೆ ಹತ್ತು ಹನ್ನೆರಡು ಮಂದಿ! ಗಿರಿಜೆಯ ಉತ್ತರಕ್ರಿಯೆಯ ಬೊಜ್ಜದೂಟ ಆದ ಮೇಲೆ ನನ್ನ ಜಗಲಿಯಲ್ಲಿ ಅಷ್ಟು ಜನ ಕೂತದ್ದೇ ಇಲ್ಲ. ಆಟಕ್ಕೆ ಕರೆಯಲು ಬಂದಿದ್ದಾರೆ ಎಂದು ಒಳಗೆ ಓಡಿ ಚಾ ಇಟ್ಟೆ. ಗಡಿಬಿಡಿಯಲ್ಲಿ ಎರಡೆರಡು ಸಲ ಸಕ್ಕರೆ ಹಾಕಿದೆ.

ಮಂಜಣ್ಣ ಗಂಟಲು ಸರಿಮಾಡಿಕೊಂಡ. "ಏಜೆಂಟ್ರೆ, ನಮ್ಮಿಂದ ನಿಮ್ಗೆ ಬಾರೀ ಉಪದ್ರ ಆಯ್ತ್. ನೀವ್ ದಿನಾ ಬೈದ್ದ್ ಸಮವೇ. ನಿನ್ನೆ ಮೀಟಿಂಗ್‌ನಲ್ಲಿ ಎಲ್ರೂ ಸೇರಿ ನಿರ್ಣಯ ಮಾಡಿದ್. ನಿಮ್ ಹಿತ್ಲ್ ಬದಿಗೆ ಎತ್ತರಕ್ಕೆ ಮೀನಿನ ಬಲೆ ಕಟ್ಟುದ್. ಇನ್ನ್ ಮೇಲೆ ಒಂದ್ ಬಾಲೂ ಬತ್ತಿಲ್ಲೆ, ನೀವ್ ನೆಮ್ಮದಿಯಾಗಿ ಇಪ್ಪುಕಕ್ಕ್."

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬೇಡ ಎನ್ನಬೇಕಿತ್ತು. ಬಾಯಿ ತೆರೆದೆ.

"ಒಳ್ಳೇದಾಯ್ತ್," ಎಂದೆ.

ಗಂಗೊಳ್ಳಿಯಿಂದ ತರಿಸಿದ ಹಳೇ ಮೀನು ಬಲೆ ಆಗಲೇ ರಿಕ್ಷಾದಲ್ಲಿತ್ತು. ಏಣಿ ಯಾರಲ್ಲೂ ಇರಲಿಲ್ಲ, ನಾನೇ ಕೊಟ್ಟೆ. ಶೇಖರ ಹತ್ತಿದ, ಅಲುಗದ ಹಾಗೆ ಕೆಳಗೆ ನಾನು ಹಿಡಿದೆ. ಕಟ್ಟಿ ಮುಗಿದು ಎಲ್ಲರೂ ಹೊರಟಾಗ ಬಲಗಡೆಯ ಮೂಲೆಯಲ್ಲಿ ಬಲೆ ಹರಿದದ್ದು ಕಾಣಿಸಿತು. ಚೆಂಡು ಸಲೀಸಾಗಿ ದಾಟುವಷ್ಟು ತೂತು! ಅವರು ಯಾರೂ ಗಮನಿಸಿರಲಿಲ್ಲ. ನಾನೊಬ್ಬನೇ ನೋಡಿದ್ದು. ಸುಮ್ಮನಿದ್ದರೆ ಸಾಕಿತ್ತು. ಆದರೆ ಮೂವತ್ತೊಂದು ವರ್ಷ ಇನ್ನೊಬ್ಬರ ತಪ್ಪು ಹಿಡಿದೇ ಉಂಡ ಬಾಯಿ ಇದು.

"ಹ್ವಾಯ್ ಶೇಖರ! ಎಂತ ಕೆಲ್ಸ ಮಾರಾಯ ಇದ್? ಇಲ್ಲಿ ಹರ್ದಿತ್ತ್ ಕಾಣ್!"

ಶೇಖರ ವಾಪಸು ಬಂದು ತೂತನ್ನು ಅಚ್ಚುಕಟ್ಟಾಗಿ ಹೊಲಿದ. ನೂಲು ನಾನೇ ಕೊಟ್ಟೆ.